ಹದಿನಾಲ್ಕು ಡಬ್ಬಿ ಪೆಲೆಟ್, ಒಂದು ತಕ್ಕಡಿ, ಅವ್ವನ ಕಣ್ಣು

ಎರಡು ವರ್ಷದಲ್ಲಿ ಒಂದೇ ಕಂಪನಿಯ ಹದಿನಾಲ್ಕು ಡಬ್ಬಿ ಏರ್ ರೈಫಲ್ ಪೆಲೆಟ್, ಅಂದರೆ ಗಾಳಿಯ ಒತ್ತಡದಿಂದ ಹಾರುವ ಸೀಸದ ಪುಟ್ಟ ಗುಂಡು, ಖಾಲಿ ಮಾಡಿದ್ದೇನೆ. ಅಳತೆ, ಆಕಾರ ಎಲ್ಲ ಡಬ್ಬಿಯ ಮೇಲೆಯೇ ಇದೆ. ಅಲ್ಲಿ ಅಚ್ಚು ಹಾಕದ ಸಂಗತಿಯೊಂದಿದೆ: ಒಳಗಿರುವ ಐನೂರರಲ್ಲಿ ಒಂದರಂತೆ ಇನ್ನೊಂದಿಲ್ಲ.

ಮೊದಲು ತಪ್ಪು ನನ್ನ ಕೈಯದ್ದೇ ಎಂದುಕೊಂಡಿದ್ದೆ. ಗುರಿಹಾಳೆಯ ನಡುವಿಗೆ ಬಿದ್ದರೆ ಹತ್ತು ಅಂಕ, ದೂರ ಸರಿದಷ್ಟೂ ಕಡಿಮೆ. ನನಗೆ ಹತ್ತು, ಒಂಬತ್ತು, ಹತ್ತು, ಇದ್ದಕ್ಕಿದ್ದಂತೆ ಏಳು. ಆ ದಿನಗಳಲ್ಲೇ ಹೊರದೇಶದ ಬೇಟೆಗಾರರು ತೋಟಾ ತಾವೇ ತುಂಬಿಕೊಳ್ಳುವ ಬಗೆಯನ್ನು ಓದಿದೆ. ಹಿತ್ತಾಳೆಯ ಖಾಲಿ ಕೋಶಗಳನ್ನು ಒಂದೊಂದಾಗಿ ತೂಗುತ್ತಾರೆ. ಕೋಶದ ಗೋಡೆ ದಪ್ಪವಾದರೆ ಒಳಗಿನ ಜಾಗ ಕಡಿಮೆ. ಮದ್ದು ಅಷ್ಟೇ ಇದ್ದರೂ ಒತ್ತಡ ಏರುತ್ತದೆ, ಗುಂಡಿನ ವೇಗ ಬದಲಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ನಮ್ಮಲ್ಲಿ ಬೇಟೆಯ ಮಾತೇ ಬೇಡ. ಏರ್ ರೈಫಲ್ಲಿಗೆ ಕೋಶವೂ ಇಲ್ಲ, ಮದ್ದೂ ಇಲ್ಲ. ಆದರೂ ತೂಗುವ ಹುಚ್ಚು ಹತ್ತಿತು. ಅಕ್ಕಸಾಲಿಗರ ಅಂಗಡಿಯಲ್ಲಿರುವಂಥ, ಮಿಲಿಗ್ರಾಂ ತೋರಿಸುವ ತಕ್ಕಡಿ ತಂದೆ.

ರಾತ್ರಿ ಊಟವಾದ ಮೇಲೆ ಕೂರುತ್ತಿದ್ದೆ. ಫ್ಯಾನ್ ತಿರುಗಿದರೆ ಅಂಕಿ ಕುಣಿಯುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಫ್ಯಾನ್ ಆರಿಸಿ ಕೂತವನ ಕಷ್ಟ ಬೇರೆಯವರಿಗೆ ತಿಳಿಯದು. ಚಿಮಟದಿಂದ ಒಂದನ್ನು ಎತ್ತಿ ಇಡುವುದು, ಉಸಿರು ಬಿಗಿಹಿಡಿಯುವುದು, ಅಂಕಿ ನಿಲ್ಲುವವರೆಗೆ ಕಾಯುವುದು. ಹಣೆಯ ಬೆವರು ತಟ್ಟೆಗೆ ಬಿದ್ದರೆ ಒರೆಸಿ ಮತ್ತೆ ಸೊನ್ನೆಗೆ ತರಬೇಕು. 0.53 ಗ್ರಾಂ ಎಂದು ಬರೆದ ಡಬ್ಬಿಯಲ್ಲಿ 0.518ರಿಂದ 0.541ರವರೆಗೆ ಸಿಕ್ಕವು. ಗುಳಿಗೆಯ ಖಾಲಿ ಡಬ್ಬಿಗಳಲ್ಲಿ ಐದು ವರ್ಗ ಮಾಡಿ ಚೀಟಿ ಅಂಟಿಸಿದೆ. ನಿಜ ಹೇಳಬೇಕೆಂದರೆ, ಗುರಿ ಹೊಡೆಯುವುದಕ್ಕಿಂತ ಅದೇ ಹೆಚ್ಚು ಖುಷಿ ಕೊಡುತ್ತಿತ್ತು.

ಏಳು ಮಾತ್ರ ನಿಲ್ಲಲಿಲ್ಲ.

ಕಾಗದದ ಮೇಲೆ ಲೆಕ್ಕ ಹಾಕಿದಾಗ ಮುಖ ಸಪ್ಪಗಾಯಿತು. ಸೆಕೆಂಡಿಗೆ 170 ಮೀಟರ್ ವೇಗ, ಹತ್ತು ಮೀಟರ್ ದೂರ. ತೂಕದಲ್ಲಿ ನೂರಕ್ಕೆ ಎರಡು ಹೆಚ್ಚುಕಡಿಮೆಯಾದರೂ ಪೆಲೆಟ್ ಬೀಳುವ ಜಾಗ ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು ಮಾತ್ರ ಸರಿಯುತ್ತದೆ. ಗುರಿಹಾಳೆಯಲ್ಲಿ ಒಂದು ಉಂಗುರಕ್ಕೂ ಇನ್ನೊಂದಕ್ಕೂ 2.5 ಮಿಲಿಮೀಟರ್ ಅಂತರ. ತೂಕದ ತಲೆಗೆ ಏಳರ ಪಾಪ ಕಟ್ಟುವಂತಿಲ್ಲ.

ಕಳ್ಳನನ್ನು ಹಿಡಿದವಳು ಅವ್ವ. ಜನ್ಮವೆಲ್ಲ ಮೊರದಲ್ಲಿ ತೊಗರಿಬೇಳೆ ಹಸನು ಮಾಡಿದವಳು. ಸ್ಟೀಲ್ ತಟ್ಟೆಯಲ್ಲಿ ಹರಡಿದ್ದನ್ನು ಒಮ್ಮೆ ನೋಡಿ, "ತಮ್ಮಾ, ಇಷ್ಟು ಸೊಟ್ಟ ಇರುವುದನ್ನು ತೂಗಿ ಏನು ಮಾಡುತ್ತೀ?" ಎಂದಳು. ಪೆಲೆಟ್‌ನ ಹಿಂಬದಿ ಲಂಗದ ಅಂಚಿನಂತೆ ತೆಳ್ಳಗೆ ಅರಳಿರುತ್ತದೆ. ಗಾಳಿ ತಳ್ಳಿದಾಗ ನಳಿಕೆಯ ಗೋಡೆಗೆ ಒತ್ತಿ ಸೋರದಂತೆ ತಡೆಯುವುದು ಅದೇ. ಒಂದು ಕಡೆ ನುಗ್ಗಾದರೆ ಗಾಳಿ ಸೋರುತ್ತದೆ, ಪೆಲೆಟ್ ಓಲಾಡುತ್ತ ಹೊರಡುತ್ತದೆ. ಸೊಟ್ಟಗಿದ್ದರೂ ತೂಕ ಸರಿಯಾಗಿಯೇ ಇರುತ್ತದೆ! ತಕ್ಕಡಿಗೆ ಅದು ಹೇಗೆ ಕಾಣಬೇಕು? ಆ ಡಬ್ಬಿಯಲ್ಲಿ ಅವ್ವ ಅರವತ್ತೆರಡು ಆರಿಸಿ ತೆಗೆದಳು, ಅರ್ಧ ಗಂಟೆಯೊಳಗೆ, ಫ್ಯಾನ್ ಹಾಕಿಕೊಂಡೇ. ಸೀಸವಾದ್ದರಿಂದ ಇಬ್ಬರೂ ಸಾಬೂನು ಹಚ್ಚಿ ಕೈ ತೊಳೆದುಕೊಂಡೆವು.

ಮುಚ್ಚಳದ ಕೆಳಗೆ ಒಂದು ಸ್ಪಂಜಿನ ತುಂಡು ಇಟ್ಟಿದ್ದರೆ ದಾರಿಯುದ್ದಕ್ಕೂ ಇವು ಹೀಗೆ ಕುಲುಕಾಡಿ ನುಗ್ಗಾಗುತ್ತಿರಲಿಲ್ಲ. ಕಂಪನಿಗೆ ಎರಡು ಸಲ ಬರೆದೆ, ಉತ್ತರವಿಲ್ಲ. ನೆಲಕ್ಕೆ ಬಿದ್ದದ್ದನ್ನಂತೂ ಮತ್ತೆ ಹಾಕಲೇಬೇಡಿ. ನಮ್ಮ ಮನೆಯ ಶಹಾಬಾದ್ ಕಲ್ಲಿಗೆ ತಾಗಿದ ಒಂದೂ ನೆಟ್ಟಗೆ ಹೋಗಿಲ್ಲ. ಇಷ್ಟಾದರೂ ಆಮದು ಡಬ್ಬಿ ಒಂದರ ದುಡ್ಡಿಗೆ ಇಂಥವು ಮೂರು ಬರುತ್ತವೆ, ಆರಿಸಿ ಬಳಸಿದರೆ ಏಳು ಅಪರೂಪ. ಹದಿನೈದನೆಯದು ನಿನ್ನೆ ಬಂತು. ಕಿವಿಯ ಬಳಿ ಅಲ್ಲಾಡಿಸಿ ಅವ್ವ ಹೇಳಿದಳು, "ಇದರಲ್ಲಿ ಹೊಟ್ಟು ಹೆಚ್ಚಿದೆ."