ಕಸ, ನೀರು, ಯುಜಿಡಿ, ರಸ್ತೆ: ನಮ್ಮ ಪಾಲಿಕೆಯ ಸೇವೆ ವರ್ಷಗಟ್ಟಲೆ ಬಳಸಿದ ಮೇಲೆ

ಮದುವೆಯಾಗಿ ಬಂದಾಗಿನಿಂದ ನಾನು ಒಂದೇ ಬಡಾವಣೆಯಲ್ಲಿ ಇದ್ದೇನೆ. ನಮ್ಮದು ಜಿಲ್ಲಾ ಕೇಂದ್ರ, ಮಹಾನಗರ ಪಾಲಿಕೆ ಇರುವ ಊರು. ಕಸ, ಕುಡಿಯುವ ನೀರು, ಒಳಚರಂಡಿ (ಯುಜಿಡಿ), ಬೀದಿ ದೀಪ, ಒಳ ರಸ್ತೆ ಎಲ್ಲವನ್ನೂ ಪಾಲಿಕೆಯೇ ನೋಡಿಕೊಳ್ಳುತ್ತದೆ. ಇಷ್ಟು ವರ್ಷದಲ್ಲಿ ನಾನು ಕಂಡಿದ್ದು ಏನೆಂದರೆ, ದಿನಾ ನಡೆಯುವ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಎರಡು ಇಲಾಖೆ ಕೂತು ಮಾತಾಡಿ ಮಾಡಬೇಕಾದ ಕೆಲಸ ಮಾತ್ರ ಕೆಡುತ್ತದೆ.

ಕಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಬೆಳಗ್ಗೆ ಆಟೋ ಟಿಪ್ಪರ್ ಹಾಡು ಹಾಕಿಕೊಂಡು ಬರುತ್ತದೆ. ಮಳೆ ಇರಲಿ, ಹಬ್ಬ ಇರಲಿ, ತಪ್ಪಿದ್ದು ಕಡಿಮೆ. ಆಯುಧಪೂಜೆ ಮಾರನೇ ದಿನ ಬೀದಿ ತುಂಬಾ ಬಾಳೆಕಂದು, ಒಡೆದ ಬೂದುಗುಂಬಳ, ಬಾಡಿದ ಹೂವು ಇರುತ್ತಲ್ಲ, ಅಷ್ಟನ್ನೂ ಎತ್ತಿಕೊಂಡು ಹೋಗುತ್ತಾರೆ. ಹಸಿ, ಒಣ, ಅಪಾಯದ ಕಸವನ್ನು ಮನೆಯಲ್ಲೇ ಬೇರೆ ಮಾಡಿ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಅಕ್ಕ ಬಕೆಟ್ ಮುಚ್ಚಳ ತೆಗೆದು ನೋಡಿಯೇ ಸುರಿಯುತ್ತಾರೆ. ಹಸಿ ಕಸದಲ್ಲಿ ಹಾಲಿನ ಕವರ್ ಕಂಡರೆ ಎತ್ತಿ ಕೈಗೆ ಕೊಡುತ್ತಾರೆ. "ತೊಳೆದು ಒಣಕ್ಕೆ ಹಾಕಿ ಅಮ್ಮಾ" ಅನ್ನುತ್ತಾರೆ. ಹಾಗೆ ಹೇಳಿ ಹೇಳಿಯೇ ಇಡೀ ಬೀದಿಗೆ ಅಭ್ಯಾಸ ಮಾಡಿಸಿದ್ದಾರೆ.

ದಯವಿಟ್ಟು ಒಂದು ಕೆಲಸ ಮಾಡಿ. ಒಡೆದ ಗಾಜು, ಬ್ಲೇಡು, ಇಂಜೆಕ್ಷನ್ ಸೂಜಿ ಇದ್ದರೆ ಪೇಪರಿನಲ್ಲಿ ದಪ್ಪಗೆ ಸುತ್ತಿ, ಬಾಯಲ್ಲಿ ಹೇಳಿ, ಬೇರೆಯಾಗಿ ಕೊಡಿ. ಗಂಟು ಕಟ್ಟಿದ ಕವರಿನೊಳಗೆ ಏನಿದೆ ಅಂತ ಅವರಿಗೆ ಬಿಚ್ಚುವ ತನಕ ಗೊತ್ತಾಗುವುದಿಲ್ಲ. ಆ ಅಕ್ಕನ ಕೈಗವಸಿನ ಬೆರಳ ತುದಿ ಸವೆದು ತೂತಾಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೊಸ ಗವಸು ಕಾಲಕಾಲಕ್ಕೆ ಕೊಡುವುದು ಪಾಲಿಕೆಯ ಕೆಲಸ. ಅದನ್ನು ನಾವೂ ಕೇಳಬೇಕು.

ಬೇರೆ ಮಾಡಿ ಕೊಟ್ಟ ಕಸ ಮುಂದೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಇನ್ನೊಂದು ಮಾತು. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಬಡಾವಣೆಯ ಪಕ್ಕದಲ್ಲೇ ಒಣ ಕಸ ವಿಂಗಡಿಸಿ, ಹಸಿ ಕಸ ಗೊಬ್ಬರ ಮಾಡುವ ಘಟಕ ಇದೆ. ಅಂಥದ್ದು ನಮ್ಮಲ್ಲೂ ವಾರ್ಡಿಗೊಂದು ಬಂದರೆ ಊರಾಚೆ ಗುಡ್ಡೆ ಬೀಳುವುದು ಎಷ್ಟೋ ಕಡಿಮೆಯಾಗುತ್ತದೆ.

ಬೀದಿ ದೀಪವೂ ಪರವಾಗಿಲ್ಲ. ದೂರು ಕೊಡುವಾಗ ಕಂಬದ ನಂಬರ್ ಹೇಳಿ, ಅಷ್ಟೇ. "ದೇವಸ್ಥಾನದ ಹತ್ತಿರದ ದೀಪ" ಅಂದರೆ ಲೈನ್‌ಮನ್ ಸುಮ್ನೆ ಸುತ್ತಾಡಿ ವಾಪಸ್ ಹೋಗುತ್ತಾರೆ. ದೀಪ ಪಾಲಿಕೆಯದ್ದು, ಕರೆಂಟ್ ತಂತಿ ವಿದ್ಯುತ್ ಕಂಪನಿಯದ್ದು. ಇಡೀ ಬೀದಿ ಕತ್ತಲಾಗಿದ್ದರೆ ಮೊದಲು 1912ಕ್ಕೆ ಫೋನ್ ಮಾಡಿ.

ನೀರು ಎರಡು ಮೂರು ದಿನಕ್ಕೊಮ್ಮೆ ಬಿಡುತ್ತಾರೆ. ವಾಲ್ವ್‌ಮನ್ ಉದ್ದದ ಕಬ್ಬಿಣದ ಕೀ ಗುಂಡಿಗೆ ಇಳಿಸಿ ತಿರುಗಿಸಿದರೆ ಸ್ವಲ್ಪ ಹೊತ್ತಿಗೆ ನಲ್ಲಿಯಲ್ಲಿ ಮೊದಲು ಗಾಳಿ, ಆಮೇಲೆ ಕಂದು ನೀರು, ಆಮೇಲೆ ತಿಳಿ ನೀರು ಬರುತ್ತದೆ. ಆ ಕಂದು ನೀರನ್ನು ಸಂಪಿಗೆ ಬಿಡಬೇಡಿ. ಪೈಪು ಖಾಲಿ ಇದ್ದಾಗ ಒಳಗೆ ಒತ್ತಡ ಇರುವುದಿಲ್ಲ, ಬಿರುಕು ಇದ್ದ ಕಡೆ ಹೊರಗಿನ ಕೊಳೆ ಒಳಗೆ ಸೇರುತ್ತದೆ. ಪಕ್ಕದಲ್ಲೇ ಚರಂಡಿ ಇದ್ದರೆ ಏನು ಸೇರುತ್ತದೆ ಅಂತ ಹೇಳಬೇಕಿಲ್ಲ. ಅದಕ್ಕೇ ದಿನವಿಡೀ ನೀರು ಅನ್ನುವುದು ಬರೀ ಅನುಕೂಲದ ಮಾತಲ್ಲ, ಆರೋಗ್ಯದ ಮಾತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ಇದನ್ನು ಮಾಡಿ ತೋರಿಸಿದ್ದಾರೆ. ನಮ್ಮಲ್ಲೂ ಆಗಬೇಕು.

ಯುಜಿಡಿ ವಿಷಯದಲ್ಲಿ ನನ್ನ ಅಭಿಪ್ರಾಯ ಈಚೆಗೆ ಬದಲಾಗಿದೆ. ಮೊದಲೆಲ್ಲಾ ಕಟ್ಟಿಕೊಂಡರೆ ವಾರಗಟ್ಟಲೆ ಬೀದಿಯಲ್ಲೇ ಹರಿಯುತ್ತಿತ್ತು. ಈಗ ಜೆಟ್ಟಿಂಗ್ ಗಾಡಿ ಬೇಗ ಬರುತ್ತದೆ. ಪೈಪಿನ ತುದಿಯ ನಳಿಕೆಯಲ್ಲಿ ನೀರು ಹಿಂದಕ್ಕೆ ಚಿಮ್ಮುತ್ತದೆ, ಆ ರಭಸಕ್ಕೆ ಪೈಪು ತಾನೇ ಮುಂದಕ್ಕೆ ನುಗ್ಗುತ್ತದೆ. ವಾಪಸ್ ಎಳೆದಾಗ ಮ್ಯಾನ್‌ಹೋಲಿಗೆ ಬಂದು ಬೀಳುವುದನ್ನು ನೋಡಿ: ಪ್ಯಾಡು, ಬಟ್ಟೆ ಚೂರು, ಎಣ್ಣೆ ಗಟ್ಟಿಯಾದ ಬಿಳಿ ಉಂಡೆ, ಕಟ್ಟಡದ ಮರಳು. ಮಳೆಗಾಲದಲ್ಲಿ ಇನ್ನೊಂದು ಕಾಟ. ಕೆಲವು ಮನೆಯವರು ತಾರಸಿಯ ಮಳೆನೀರಿನ ಪೈಪನ್ನು ಯುಜಿಡಿಗೆ ಕೊಟ್ಟಿದ್ದಾರೆ. ಅಷ್ಟು ನೀರು ಹಿಡಿಯುವ ಪೈಪಲ್ಲ ಅದು. ತಗ್ಗಿನ ಮನೆಯವರ ಬಚ್ಚಲಲ್ಲಿ ಉಕ್ಕುತ್ತದೆ. ಮಳೆನೀರು ಚರಂಡಿಗೆ ಹೋಗಬೇಕು, ಇಲ್ಲವೇ ಇಂಗುಗುಂಡಿಗೆ.

ಗಾಡಿ ಬರುವುದು ತಡ ಆಯಿತು ಅಂತ ಯಾರನ್ನಾದರೂ ಕರೆಸಿ ಗುಂಡಿಗೆ ಇಳಿಸುವ ಮಾತು ಈಗಲೂ ಕೆಲವರ ಬಾಯಲ್ಲಿ ಬರುತ್ತದೆ. ಬೇಡವೇ ಬೇಡ. ಒಳಗಿನ ಗ್ಯಾಸಿಗೆ ಉಸಿರು ನಿಂತು ಸತ್ತವರು ಎಷ್ಟೋ ಜನ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಪ್ರಕಾರ ಹಾಗೆ ಇಳಿಸುವುದು ಅಪರಾಧ, ಹೇಳಿ ಇಳಿಸಿದವರಿಗೂ ಶಿಕ್ಷೆ ಇದೆ. ಎರಡು ದಿನ ವಾಸನೆ ಸಹಿಸಿಕೊಳ್ಳೋಣ, ಗಾಡಿಯೇ ಬರಲಿ.

ಇನ್ನು ರಸ್ತೆ. ಇಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ವರ್ಷಗಟ್ಟಲೆ ಕಾದ ಮೇಲೆ ನಮ್ಮ ಬೀದಿಗೆ ಒಳ್ಳೆಯ ಡಾಂಬರು ಬಿತ್ತು. ಮಕ್ಕಳು ಅದರ ಮೇಲೆ ಸೈಕಲ್ ಕಲಿತರು. ಅದೇ ವರ್ಷ ನೀರಿನ ಹೊಸ ಪೈಪಿಗೆ ಅಂತ ಉದ್ದಕ್ಕೂ ಕತ್ತರಿಸಿದರು. ಅದನ್ನು ಮುಚ್ಚಿದ ಮೇಲೆ ಕೇಬಲ್‌ನವರು ಬಂದರು. ಅಗೆದವರು ಅಗೆದ ಮಣ್ಣನ್ನೇ ವಾಪಸ್ ತಳ್ಳಿ ಹೋದರು. ಪದರ ಪದರವಾಗಿ ಮಣ್ಣು ಹಾಕಿ, ನೀರು ಹೊಡೆದು, ದಮ್ಮಸ್ಸು ಮಾಡಿ, ಜಲ್ಲಿ ಹಾಕಿ, ಆಮೇಲೆ ಡಾಂಬರು ಹಾಕಬೇಕು. ಹಾಗೆ ಮಾಡದಿದ್ದರೆ ಮೊದಲ ಮಳೆಗೇ ಕುಸಿಯುತ್ತದೆ. ಕುಸಿಯಿತು ಕೂಡ. ಪಕ್ಕದ ಮನೆಯ ಹಿರಿಯರು ಸ್ಕೂಟರ್ ಸಮೇತ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮಳೆಗಾಲದಲ್ಲಿ ಬಿಸಿ ಡಾಂಬರು ಹಾಕಲು ಆಗುವುದಿಲ್ಲ, ಒದ್ದೆ ನೆಲಕ್ಕೆ ಅದು ಕಚ್ಚುವುದಿಲ್ಲ. ಹಾಗಾಗಿ ಗುಂಡಿ ತಿಂಗಳುಗಟ್ಟಲೆ ಹಾಗೇ ಇತ್ತು.

ಕೇಳಲು ಹೋದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಬೆಂಗಳೂರು ಬಿಟ್ಟು ಉಳಿದ ಊರುಗಳಲ್ಲಿ ನೀರು, ಒಳಚರಂಡಿಯ ದೊಡ್ಡ ಕಾಮಗಾರಿಗಳನ್ನು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡಿ ಪಾಲಿಕೆಗೆ ಒಪ್ಪಿಸುತ್ತದೆ. ಊರೊಳಗೆ ಹಾದುಹೋಗುವ ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದ್ದು. ಒಳ ರಸ್ತೆ ಪಾಲಿಕೆಯದ್ದು. ಯಾರೇ ಅಗೆಯಲಿ, ನಮ್ಮ ಬೀದಿ ಅಗೆಯಲು ಅನುಮತಿ ಕೊಡುವುದು ಪಾಲಿಕೆ ತಾನೇ? ಡಾಂಬರು ಹಾಕುವ ಮುಂಚೆ ಎಲ್ಲರನ್ನೂ ಒಂದು ದಿನ ಕೂರಿಸಿ ಕೇಳಿದ್ದರೆ ಸಾಕಿತ್ತು.

ಬಾಯಿ ಮಾತಿಗಿಂತ ಕಾಗದಕ್ಕೆ ಬೆಲೆ ಜಾಸ್ತಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಟೆಂಡರ್ ಯಾವುದು, ಅಳತೆ ಪುಸ್ತಕದಲ್ಲಿ ಎಷ್ಟು ದಪ್ಪ ಬರೆದಿದೆ, ಗುತ್ತಿಗೆದಾರರು ಎಷ್ಟು ವರ್ಷ ದುರಸ್ತಿ ಮಾಡಿಕೊಡಬೇಕು ಅನ್ನುವುದನ್ನು ಕೇಳಿ. ಕೆಲಸ ನಡೆದ ಜಾಗ ನೋಡುವ, ಹಾಕಿದ ಸಾಮಗ್ರಿಯ ಮಾದರಿ ತೆಗೆದುಕೊಳ್ಳುವ ಹಕ್ಕೂ ಆ ಕಾಯ್ದೆಯಲ್ಲೇ ಇದೆ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ಬೀದಿಯವರು ಹೀಗೆ ಅರ್ಜಿ ಹಾಕಿದ ಮೇಲೆಯೇ ಜೆಇ (ಕಿರಿಯ ಎಂಜಿನಿಯರ್) ಟೇಪು ಹಿಡಿದುಕೊಂಡು ಬಂದಿದ್ದು.

ಈಗ ಅರ್ಧ ಬೀದಿಗೆ ಸರಿಯಾಗಿ ದಮ್ಮಸ್ಸು ಮಾಡಿ ಜಲ್ಲಿ ಹಾಕಿದ್ದಾರೆ. ಉಳಿದ ಅರ್ಧವನ್ನು ಮುಂಗಾರಿಗೆ ಮೊದಲು ಮುಗಿಸಿ ಅಂತ ಎಲ್ಲರೂ ಸಹಿ ಹಾಕಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದಿದ್ದೇವೆ. ಡಾಂಬರು ಬಿದ್ದ ಮೇಲೆ ರಸ್ತೆಗೆ ಎಷ್ಟು ಅಂಕ ಅಂತ ಇದಕ್ಕೇ ಸೇರಿಸಿ ಬರೆಯುತ್ತೇನೆ.