ಡೆಸರ್ಟ್ ಮಾರಿಗೋಲ್ಡೋ, ಬ್ಲ್ಯಾಕ್‌ಫೂಟ್ ಡೇಸಿಯೋ?

ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೋ ಕಡೆಯ ಒಣ ತೋಟಕ್ಕೆ ಅಲ್ಲಿಯದೇ ಕುಳ್ಳ ಹೂಗಿಡ ಬೇಕೇ? ಈ ಎರಡನ್ನು ನೋಡಿ. ಎರಡಕ್ಕೂ ಸುಡುಬಿಸಿಲು ಬೇಕು, ನೀರು ನಿಲ್ಲದ ಮಣ್ಣು ಬೇಕು.

ಡೆಸರ್ಟ್ ಮಾರಿಗೋಲ್ಡ್ ಹೆಸರಿಗೆ ಮಾತ್ರ ಚೆಂಡುಹೂವು. ಎಲೆ ಬೂದುಬಣ್ಣ, ಮುಟ್ಟಿದರೆ ಉಣ್ಣೆಯ ಹಾಗೆ. ಆ ನವಿರು ರೋಮವೇ ಬಿಸಿಲು ತಡೆದು ತೇವ ಉಳಿಸುತ್ತದೆ. ಒಂದೊಂದು ಕಾಂಡದ ತುದಿಗೆ ಒಂದೊಂದು ಹಳದಿ ಹೂ, ಸುಮಾರು 1 ಅಡಿ ಎತ್ತರದಲ್ಲಿ. ಬಾಡಿದ ಎಸಳು ಉದುರದೆ ಕಾಗದದ ಹಾಗೆ ಜೋತು ನಿಲ್ಲುತ್ತದೆ. ಗಿಡದ ಆಯಸ್ಸು ಕಡಿಮೆ. ಆದರೆ ತಾನೇ ಬೀಜ ಚೆಲ್ಲಿ ಸಿಕ್ಕಸಿಕ್ಕಲ್ಲಿ ಹುಟ್ಟುತ್ತದೆ. ಎಲ್ಲವೂ ಸಾಲಾಗಿರಬೇಕು ಅನ್ನುವವರಿಗೆ ತಲೆನೋವೇ ಅಲ್ವಾ? ಕುರಿ, ಮೇಕೆ ಇದ್ದರಂತೂ ಬೇಡವೇ ಬೇಡ, ಅವಕ್ಕೆ ಇದು ವಿಷ.

ಬ್ಲ್ಯಾಕ್‌ಫೂಟ್ ಡೇಸಿ ಶಿಸ್ತಿನದು. ಅರ್ಧದಿಂದ 1 ಅಡಿ ಎತ್ತರದ ದುಂಡು ಗುಪ್ಪೆ, ಮೇಲೆಲ್ಲ ಬಿಳಿ ಹೂ, ಜೇನಿನಂಥ ಪರಿಮಳ. ಸುಣ್ಣಕಲ್ಲಿನ ಮಣ್ಣೂ ಸರಿ. ಪ್ರೀತಿ ಜಾಸ್ತಿಯಾಗಿ ನೀರು ಸುರಿದರೆ ಮಾತ್ರ ಬೇರು ಕೊಳೆಯುತ್ತದೆ.

ದಾರಿಯಂಚಿಗೆ, ಬಂಡೆ ಸಂದಿಗೆ ನಾನಾದರೆ ಡೇಸಿ ನೆಡುತ್ತೇನೆ. ಜಲ್ಲಿಮಣ್ಣಿನ ಖಾಲಿ ಜಾಗ ದೊಡ್ಡದಿದ್ದರೆ ಸುಮ್ನೆ ಮಾರಿಗೋಲ್ಡ್ ಬೀಜ ಎರಚಿಬಿಡಿ.