ದುಡ್ಡು ಕಟ್ಟುವ ಮೊದಲು ರಸೀದಿ ಓದಿ

ಬಿ.ಎ. ಮುಗಿದಾಗ ನನಗೆ ಅಂತಾರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಮಾಡುವ ಹುಚ್ಚು. ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಆಫೀಸು ಸಿಕ್ಕಿತು. ಹೆಸರು ಬೇಡ ಬಿಡಿ, ಈಗ ಅಲ್ಲಿ ಬೋರ್ಡೂ ಇಲ್ಲ. ಗೋಡೆ ತುಂಬಾ ದೇಶ ದೇಶದ ಬಾವುಟ. "ಯುರೋಪಿನ ಡಿಗ್ರಿ ಕಣಮ್ಮ. ಮಂಡ್ಯದಲ್ಲಿ ಕೂತೇ ಓದು, ಒಂದೇ ವರ್ಷ. ವಿದೇಶಾಂಗ ಸೇವೆಗೆ ಹೋಗೋರೆಲ್ಲ ಇದನ್ನೇ ಮಾಡೋದು" ಅಂದರು. ಅಪ್ಪ ಕಬ್ಬಿನ ದುಡ್ಡಲ್ಲಿ 90 ಸಾವಿರ ಕಟ್ಟಿದರು.

ಪುಸ್ತಕ ಅಂತ ಬಂದಿದ್ದು ನಾಲ್ಕು ಸ್ಪೈರಲ್ ಬೈಂಡಿಂಗ್. ಒಂದರಲ್ಲಿ ವಿಶ್ವಸಂಸ್ಥೆಗೆ 192 ಸದಸ್ಯ ದೇಶ ಅಂತಿತ್ತು. 2011ರಲ್ಲಿ ದಕ್ಷಿಣ ಸುಡಾನ್ ಸೇರಿ 193 ಆಗಿದೆ, ಅದು ನನಗೂ ಗೊತ್ತಿತ್ತು. ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ಫೋನ್ ಮಾಡಿದೆ. "ಪ್ರಿಂಟ್ ಮಿಸ್ಟೇಕ್" ಅಂದರು. ಸುಮ್ನಾದೆ. ಅಲ್ಲೇ ಎಚ್ಚರ ಆಗಬೇಕಿತ್ತು ಅಲ್ವಾ?

ಕೊರಿಯರ್‌ನಲ್ಲಿ ಸರ್ಟಿಫಿಕೇಟ್ ಬಂತು. ಕಾಲೇಜು ಮೇಷ್ಟ್ರಾಗಲು ಬರೆಯುವ ನೆಟ್ ಪರೀಕ್ಷೆಗೆ ಅರ್ಜಿ ಹಾಕಲು ಹೊರಟಾಗ ಮೈಸೂರು ಯೂನಿವರ್ಸಿಟಿಯ ಮಾನಸಗಂಗೋತ್ರಿಯಲ್ಲಿ ಪರಿಚಯದ ಮೇಷ್ಟ್ರಿಗೆ ತೋರಿಸಿದೆ. ಅವರು ಅದನ್ನು ಸರಿಯಾಗಿ ನೋಡಲೂ ಇಲ್ಲ. "ರಸೀದಿ ಇದೆಯಾ?" ಅಂದರು. ಇತ್ತು. ಅದರಲ್ಲಿ ಕೋರ್ಸ್ ಫೀ ಅಂತಿಲ್ಲ, 'ಸಲಹಾ ಸೇವಾ ಶುಲ್ಕ' ಅಂತಿದೆ. ಯೂನಿವರ್ಸಿಟಿ ಹೆಸರು ಎಲ್ಲೂ ಇಲ್ಲ. ಒಂದು ವರ್ಷ ಅದು ನನ್ನ ಫೈಲಲ್ಲೇ ಇತ್ತು, ನಾನೇ ಓದಿರಲಿಲ್ಲ.

ಮನ್ನಣೆ ಇಲ್ಲದ ವಿದೇಶಿ ಯೂನಿವರ್ಸಿಟಿಗಳ ಜೊತೆ ಸೇರಿ ಇಲ್ಲಿನ ಕಂಪನಿಗಳು ಕೊಡುವ ಆನ್‌ಲೈನ್ ಡಿಗ್ರಿ ನಡೆಯುವುದಿಲ್ಲ ಎಂದು ಯೂನಿವರ್ಸಿಟಿಗಳ ಮೇಲೆ ಕಣ್ಣಿಡುವ ಕೇಂದ್ರ ಸಂಸ್ಥೆ ಯುಜಿಸಿ 2023ರ ಡಿಸೆಂಬರ್‌ನಲ್ಲೇ ಹೇಳಿತ್ತು. ನಕಲಿ ಯೂನಿವರ್ಸಿಟಿಗಳ ಪಟ್ಟಿಯೂ ಅದರ ವೆಬ್‌ಸೈಟಿನಲ್ಲಿದೆ. ದೂರಶಿಕ್ಷಣವಾದರೆ ಅಲ್ಲಿನ ದೂರಶಿಕ್ಷಣ ವಿಭಾಗದ (ಡಿಇಬಿ) ಪಟ್ಟಿಯಲ್ಲಿ ಯೂನಿವರ್ಸಿಟಿಯ ಜೊತೆ ಆ ಕೋರ್ಸೂ ಇದೆಯಾ ನೋಡಿ. ಏಜೆಂಟ್ ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ, ನೀವೇ ತೆಗೆದು ನೋಡಿ.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ವಿದೇಶಾಂಗ ಸೇವೆಗೆ ಆಯ್ಕೆ ಆಗುವುದು ಯುಪಿಎಸ್‌ಸಿ ಸಿವಿಲ್ ಸರ್ವಿಸ್ ಪರೀಕ್ಷೆಯಿಂದ. ಅದಕ್ಕೆ ಮಾನ್ಯತೆ ಇರುವ ಯಾವುದೇ ಡಿಗ್ರಿ ನಡೆಯುತ್ತದೆ. ನನ್ನ ಬಿ.ಎ.ನೇ ಸಾಕಿತ್ತು! ಓದುವ ಆಸೆಗೇ ಆದರೆ ರಾಜ್ಯಶಾಸ್ತ್ರದ ಎಂ.ಎ. ಮಾನಸಗಂಗೋತ್ರಿಯಲ್ಲೇ ಇದೆ, ಮಂಡ್ಯದಿಂದ ರೈಲಲ್ಲಿ ದಿನಾ ಹೋಗಿ ಬರಬಹುದು. ದೆಹಲಿಯ ಜೆಎನ್‌ಯು ಯೂನಿವರ್ಸಿಟಿಗೆ ಹೋಗುವುದಾದರೆ ಸಿಯುಇಟಿ ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು.

ಈಗ ಅದೇ 'ಸಲಹಾ ಸೇವೆ' ರಸೀದಿ ಹಿಡಿದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಎರಡು ವರ್ಷದೊಳಗೆ ಕೊಡಬೇಕು. ನನಗಿನ್ನೂ ಐದು ತಿಂಗಳಿದೆ. ಅಲ್ಲಿ ದುಡ್ಡು ಕಟ್ಟಿದವರು ಬೇರೆ ಯಾರಾದರೂ ಇದ್ದರೆ ನಿಮ್ಮ ರಸೀದಿಯನ್ನೂ ಹುಡುಕಿ ಇಟ್ಟುಕೊಳ್ಳಿ.